ಹರಿವಾಣದ ಕೊನೆಯ ಆಲೂಗಡ್ಡೆ

ನನ್ನ ಉಗುರಿನ ಸಂದಿಯ ಮಣ್ಣು ಏನು ಮಾಡಿದರೂ ಹೋಗಲಿಲ್ಲ. ಬ್ರಷ್ಷಿನಲ್ಲಿ ಉಜ್ಜಿದೆ, ನಿಂಬೆ ಸಿಪ್ಪೆಯಲ್ಲಿ ತಿಕ್ಕಿದೆ, ಟ್ರ್ಯಾಕ್ಟರಿನ ಗ್ರೀಸು ತೊಳೆಯಲು ನನ್ನ ಗಂಡ ಸಿಕ್ಸ್ತೆನ್ ಇಟ್ಟುಕೊಂಡಿದ್ದ ಒರಟು ಸೋಪನ್ನೂ ಬಿಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆಲೂಗಡ್ಡೆ ಅಗೆದ ಕೈಗಳು, ಒಂದು ಸಂಜೆಯ ಊಟಕ್ಕೆಂದು ಬೆಳ್ಳಗಾಗಿ ಎಂದರೆ ಆಗುತ್ತವೆಯೇ? ಹಾಳಾಗಿ ಹೋಗಲಿ ಎಂದು ಬ್ರಷ್ಷನ್ನು ಬೇಸಿನ್ನಿಗೆ ಎಸೆದು ನೀಲಿ ಉಡುಪಿನ ಜಿಪ್ಪು ಎಳೆದುಕೊಂಡೆ.

"ಮೈಕೆನ್! ಇನ್ನೂ ಆಗ್ಲಿಲ್ವೇನೇ?" ಕೆಳಗಿನಿಂದ ಗಂಡ ಕೂಗಿದ. "ಅಲ್ಲಿ ಆಲೂಗಡ್ಡೆ ಬೆಂದು ತಣ್ಣಗಾಗಿರತ್ತೆ."

"ನಿನ್ನ ಟೈ ನೋಡ್ಕೋ ಮೊದ್ಲು. ಕರುವಿಗೆ ಹಗ್ಗ ಬಿಗಿದ ಹಾಗಿದೆ."

"ನೀನು ಇನ್ನೂ ನೋಡೇ ಇಲ್ವಲ್ಲ?"

"ನೋಡ್ಬೇಕಾ? ಇಷ್ಟು ವರ್ಷ ನಿನ್ ಜತೆ ಬಾಳಿದೀನಿ, ಅಷ್ಟೂ ಗೊತ್ತಾಗಲ್ವಾ?"

ಹೊರಟಿದ್ದು ಹೋಟೆಲ್ ಟೂರ್ನವಿಕ್‌ಗೆ. ನಮ್ಮ ಹೊಲದಲ್ಲಿ ನಿಂತರೆ ಅದರ ಬಿಳಿ ಗೋಪುರ ಕಾಣುತ್ತದೆ, ಊಟದ ಹಾಲಿನ ಉದ್ದುದ್ದ ಕಿಟಕಿಗಳು ಕಾಣುತ್ತವೆ. ಆದರೆ ಆ ಕಿಟಕಿಗಳ ಒಳಗೆ ಕೂತು ನಾವು ಒಂದು ದಿನವೂ ಉಂಡವರಲ್ಲ. ನಮ್ಮಂಥವರು ಅಲ್ಲಿಗೆ ಹೋಗುವುದೇನಿದ್ದರೂ ಯಾರನ್ನಾದರೂ ಮಣ್ಣು ಮಾಡಿ ಬಂದ ಮೇಲಿನ ಕಾಫಿಗೆ. ಈ ಶನಿವಾರ ಮಾತ್ರ ನಮ್ಮಿಬ್ಬರ ಹೆಸರಿಗೇ ಕರೆ ಬಂದಿತ್ತು, ಯಾಕೆಂದರೆ ಅಲ್ಲಿ ಬಡಿಸುವುದಿದ್ದದ್ದು ನಮ್ಮದೇ ಆಲೂಗಡ್ಡೆ.

ನಮ್ಮ ಹತ್ತಿರ ಒಂದು ತುಂಡು ಹೊಲವಿದೆ. ಕಡಲಪಟ್ಟಿ ಎನ್ನುತ್ತೇವೆ. ಇಳಿಜಾರು, ಮರಳು ಮಣ್ಣು, ಚಳಿಗಾಲ ಪೂರ್ತಿ ಕಡಲಪಾಚಿ ಹೊತ್ತು ತಂದು ಹೊದೆಸುತ್ತೇವೆ. ಇಡೀ ಸ್ಕೋನೆ ಪ್ರಾಂತ್ಯದಲ್ಲಿ ಎಲ್ಲರಿಗಿಂತ ಮೊದಲು ಎಳೆ ಆಲೂಗಡ್ಡೆ ಬರುವುದು ಅಲ್ಲಿ. ಸಿಪ್ಪೆ ಎಷ್ಟು ತೆಳು ಎಂದರೆ ಹೆಬ್ಬೆರಳು ತಾಗಿದರೆ ಸಾಕು, ಸುಲಿದು ಬರುತ್ತದೆ. ಆದರೆ ಅಲ್ಲಿಗೆ ಯಂತ್ರ ಇಳಿಯುವುದಿಲ್ಲ, ಎಲ್ಲ ಕೈಯಲ್ಲೇ ಅಗೆಯಬೇಕು. ಆಲೂಗಡ್ಡೆ ಕಂಪನಿಯವರು ಇಷ್ಟು ಚಿಕ್ಕ ಬೆಳೆಗೆ ಲಾರಿ ತರುವುದಿಲ್ಲ. ಸಿಕ್ಸ್ತೆನ್‌ನ ಮಂಡಿಗಳೋ, ಅವನು ಕೂತೆದ್ದರೆ ಪಕ್ಕದ ಮನೆಗೆ ಕೇಳುತ್ತವೆ. ಇದನ್ನೆಲ್ಲ ನೋಡಿಕೊಂಡು ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದವನು ಎಸ್ಕಿಲ್, ಗಾಲ್ಫ್ ಕ್ಲಬ್ಬಿನ ಅಧ್ಯಕ್ಷ. ಅವನ ಹುಲ್ಲುಹಾಸು ನಮ್ಮ ಬೇಲಿಯವರೆಗೆ ಬಂದು ನಿಂತಿದೆ. ಕಡಲಪಟ್ಟಿಯೊಂದು ಸಿಕ್ಕಿಬಿಟ್ಟರೆ ಸ್ವರ್ಗಕ್ಕೇ ಚೆಂಡು ಹೊಡೆದ ಹಾಗೆ ಅವನಿಗೆ.

ಅದನ್ನು ಮಾರಬೇಡ ಎಂದು ಇಡೀ ಚಳಿಗಾಲ ಗಂಡನ ಜತೆ ಜಗಳವಾಡಿದೆ. ಕೊನೆಗೆ ಅವನು ಒಂದು ಮಾತಿಗೆ ಬಂದು ನಿಂತ.

"ಹೋಟೆಲಿನ ಆ ಹೊಸ ಷೆಫ್ ಹೂಂ ಅಂದ್ರೆ ಮಂಡಿ ಕಳಚಿ ಬೀಳೋವರೆಗೂ ಅಗೀತೀನಿ. ಉಹೂಂ ಅಂದ್ರೆ ಸೋಮವಾರ ಎಸ್ಕಿಲ್ ಮನೆಗೆ ಬರ್ತಾನೆ, ಪಟ್ಟಿ ಕೊಟ್ಬಿಡ್ತೀನಿ. ಆಮೇಲೆ ನೀನು ಅಳ್ಬಾರ್ದು."

"ನಾನ್ಯಾಕೆ ಅಳ್ಲಿ?" ಎಂದು ಪಾತ್ರೆಯನ್ನು ಸಿಂಕಿಗೆ ಕುಕ್ಕಿ ಹಿತ್ತಲಿಗೆ ಹೋದೆ. ಅಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಬೇರೆ ಎಷ್ಟು ಹೊಲ ಹೋದರೂ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ, ಆದರೆ ಕಡಲಪಟ್ಟಿ ನನ್ನ ಜೀವ. ಅದರ ಮೇಲೆ ಶಾರ್ಟ್ಸ್ ಹಾಕಿದ ಗಂಡಸರು ಕೋಲು ಹಿಡಿದು ಓಡಾಡುವುದನ್ನು ನೋಡಿಕೊಂಡು ಬದುಕಿರಲು ನನ್ನಿಂದ ಆಗುವುದಿಲ್ಲ.

ಆ ಹೊಸ ಷೆಫ್ ಓದೀಲ್. ಫ್ರೆಂಚ್ ಹೆಂಗಸು, ಲಿಯೋಂ ಕಡೆಯವಳು, ಈ ವಸಂತದಲ್ಲಷ್ಟೇ ಬಂದವಳು. ಹಿಂದಿನ ವಾರ ಬೂಟು ಹಾಕಿಕೊಂಡು ಸೀದಾ ಹೊಲಕ್ಕೇ ಇಳಿದಳು, ತಾನೇ ಒಂದು ಗಿಡ ಕಿತ್ತಳು, ಆಲೂಗಡ್ಡೆಗಳನ್ನು ಕಡಲ ನೀರಿನಲ್ಲೇ ಬೇಯಿಸಿ ಕೊಡಿ ಎಂದಳು. ನಿಂತೇ ತಿಂದಳು. ತಿನ್ನುವಾಗ ಕಣ್ಣು ಮುಚ್ಚಿದ್ದಳು, ನಾನು ಗೆದ್ದೆ ಅಂದುಕೊಂಡೆ.

"ನನ್ನ ನಾಲಿಗೆಗೆ ತುಂಬಾ ಇಷ್ಟ ಆಯ್ತು," ಎಂದಳು. "ಆದ್ರೆ ಇಲ್ಲಿ ನನ್ನ ನಾಲಿಗೆ ಮಾತು ನಾನು ಕೇಳೋದಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆಯ ಕರುವಿನ ತಲೆ ಅಡುಗೆ ಮಾಡಿದೆ. ಮನಸ್ಸಿಟ್ಟು ಮಾಡಿದೆ. ನಿಮ್ಮೂರಿನವರು ಚೆನ್ನಾಗಿದೆ ಚೆನ್ನಾಗಿದೆ ಅಂದ್ರು, ಹಾಗೇ ಬಿಟ್ಟು ಎದ್ದು ಹೋದ್ರು. ಬಾಯಿ ಸುಳ್ಳು ಹೇಳತ್ತೆ, ಮೇಡಂ, ತಟ್ಟೆ ಹೇಳೋದಿಲ್ಲ. ಶನಿವಾರ ಊರಿನವರನ್ನ ಕರೀತೀನಿ. ಈ ಸಲ ಒಬ್ಬೊಬ್ಬರ ತಟ್ಟೆಗೆ ಬೇರೆ ಬೇರೆ ಬಡಿಸಿ ಕಳಿಸೋದಿಲ್ಲ, ಮೇಜಿನ ನಡುವೆ ದೊಡ್ಡ ಹರಿವಾಣ. ಖಾಲಿಯಾಗಿ ವಾಪಸ್ ಬಂದ್ರೆ ಬೇಸಿಗೆ ಪೂರ್ತಿ ದಿನಾ ನಿಮ್ಮ ಆಲೂಗಡ್ಡೆ. ಉಳಿದು ಬಂದ್ರೆ, ಕ್ಷಮಿಸಿ."

ನನಗೆ ಇನ್ನೇನು ಬೇಕಿತ್ತು? ನಮ್ಮ ಜನ ಕರುವಿನ ತಲೆ ಬಿಡುತ್ತಾರೆ, ಜೂನ್ ತಿಂಗಳ ಮೊದಲ ಆಲೂಗಡ್ಡೆ ಬಿಡುತ್ತಾರೆಯೇ? ಅದಕ್ಕಾಗಿಯೇ ಅವರು ಇಡೀ ಚಳಿಗಾಲ ಉಸಿರು ಹಿಡಿದುಕೊಂಡು ಕೂತಿರುತ್ತಾರೆ.

ಹೋಟೆಲಿನ ಬಾಗಿಲಲ್ಲಿ ರಾಗ್ನಾರ್ ನಿಂತಿದ್ದ. ಬಡಿಸುವವರಿಗೆಲ್ಲ ಅವನೇ ಮೇಲಿನವನು. ಅವನ ತಾಯಿ ಮತ್ತು ನಾನು ಒಟ್ಟಿಗೆ ಹೊಲಿಗೆ ಕಲಿತವರು, ಅವನ ಮೂಗು ಒರೆಸಿದ ಕೈ ನನ್ನದು. ಈಗ ಕಪ್ಪು ಕೋಟಿನಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದ.

"ಬಾ ಮೈಕೆನ್, ಬಾ ಸಿಕ್ಸ್ತೆನ್. ಕಿಟಕಿ ಪಕ್ಕದ್ದೇ ಇಟ್ಟಿದೀನಿ ನಿಮ್ಗೆ. ಎಲ್ಲಕ್ಕಿಂತ ಒಳ್ಳೇ ಮೇಜು."

ಊಟದ ಹಾಲಿನ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದೆ. ಬಿಳಿ ಬಟ್ಟೆ ಹೊದ್ದ ಮೇಜುಗಳು, ಅವುಗಳ ಮೇಲೆ ಕಾಡು ಹೂಗಳು, ಕಿಟಕಿಯಾಚೆ ಕಡಲು. ಜೂನ್ ಸಂಜೆಯ ಬಿಸಿಲು ಗ್ಲಾಸುಗಳೊಳಗೆಲ್ಲ ಕೂತಿತ್ತು. ಊರಿನ ಅರ್ಧ ಜನ ಅಲ್ಲೇ ಇದ್ದರು, ಪಾದ್ರಿಯೂ ಇದ್ದ, ದಂತವೈದ್ಯೆಯೂ ಇದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಗೆ ತೇಲಿಕೊಂಡೇ ಹೋಗಿ ನಮ್ಮ ಮೇಜು ನೋಡಿದರೆ, ಅಲ್ಲಿ ಕಾಲು ಚಾಚಿ ಕೂತಿದ್ದ ಎಸ್ಕಿಲ್! ಪಕ್ಕದಲ್ಲಿ ಅವನ ಹೆಂಡತಿ ಸಿಗ್ರಿಡ್.

"ನಾಕು ಜನಕ್ಕೆ ಒಂದು ಮೇಜು," ರಾಗ್ನಾರ್ ಪಿಸುಗುಟ್ಟಿದ. "ನಾನೇನ್ ಮಾಡ್ಲಿ?"

ಮೈಯೆಲ್ಲ ಉರಿದುಹೋಯಿತು.

"ಅರೆರೆ, ಮೈಕೆನ್!" ಎಸ್ಕಿಲ್ ಎದ್ದು ನಿಂತ. "ಇವತ್ತೇನು ಗೊಬ್ಬರದ ವಾಸ್ನೆನೇ ಇಲ್ಲ. ಸೆಂಟಾ?"

"ನಿನ್ನ ಎದುರಿಗೆ ಕೂತ್ಕೋಬೇಕು ಅಂತ ಗೊತ್ತಿದ್ರೆ ಗೊಬ್ಬರಾನೇ ಹಚ್ಕೊಂಡು ಬರ್ತಿದ್ದೆ."

"ಹಹ್ಹಾ! ಇವಳ ಬಾಯಿ ನೋಡು ಸಿಕ್ಸ್ತೆನ್. ನಿಂಗೆ ಮಂಡಿ ನೋವು ಒಂದೇ ಅಲ್ಲ ಮಾರಾಯ, ಕಿವಿ ನೋವೂ ಇರ್ಬೇಕು."

ಸಿಕ್ಸ್ತೆನ್ ನಕ್ಕ. ನಗುತ್ತಾನೆ, ಅವನಿಗೇನು! ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಸಿಗ್ರಿಡ್ ಮಾತ್ರ ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದಳು. ಬೂದು ರೇಷ್ಮೆ ಅಂಗಿ, ನೆಟ್ಟಗಿನ ಬೆನ್ನು. ನನಗೆ ಅವಳ ಪರಿಚಯ ಇಪ್ಪತ್ತು ವರ್ಷದ್ದು, ಅಷ್ಟರಲ್ಲಿ ಅವಳ ಬಾಯಿಂದ 'ತುಂಬಾ ಚೆನ್ನಾಗಿದೆ' ಮತ್ತು 'ಬೇಡ, ಸಾಕು' ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಕೇಳಿದ ನೆನಪಿಲ್ಲ.

ಮೊದಲು ಹೆರಿಂಗ್ ಮೀನಿನ ಉಪ್ಪಿನಕಾಯಿ ಬಂತು, ಜತೆಗೆ ರೈ ಬ್ರೆಡ್ಡು. ಆಮೇಲೆ ಬೆರಳು ಗಾತ್ರದ ಆಸ್ಪರಾಗಸ್ ದಂಟು, ಮೇಲೆ ಹೊಗೆ ಕೊಟ್ಟ ಗಿಣ್ಣು. ಎಲ್ಲ ನಮ್ಮ ಸುತ್ತಮುತ್ತಲಿನದೇ. ನಾನು ಏನು ತಿಂದೆನೋ ನನಗೆ ಗೊತ್ತಿಲ್ಲ. ಕಣ್ಣೆಲ್ಲ ಅಡುಗೆಮನೆಯ ಬಾಗಿಲ ಮೇಲಿತ್ತು.

"ಅಲ್ಲೊಂದು ಬೆಂಚು ಹಾಕಿಸ್ತೀನಿ," ಎಸ್ಕಿಲ್ ಕಿಟಕಿಯಿಂದ ನಮ್ಮ ಹೊಲದ ಕಡೆ ಕೈ ತೋರಿಸಿ ಹೇಳಿದ. "ನಿನ್ನ ಹೆಸರೇ ಕೆತ್ತಿಸ್ತೀನಿ ಬೇಕಾದ್ರೆ. ಮೈಕೆನ್ ಬೆಂಚು. ಆಟ ಆಡಿ ಸುಸ್ತಾದೋರು ಕೂತ್ಕೋತಾರೆ."

"ನನ್ನ ಮೇಲೆ ಕೂತ್ಕೊಳ್ಳೋರು ಇನ್ನೂ ಹುಟ್ಟಿಲ್ಲ ಕಣೋ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಡಿಸುವವರು ಸಾಲಾಗಿ ಬಂದರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹರಿವಾಣ. ಅವುಗಳ ಆವಿ ಇಡೀ ಹಾಲಿಗೆ ಹಬ್ಬಿತು. ಸಬ್ಬಸಿಗೆ, ಬೆಣ್ಣೆ, ಅದರಡಿಯಲ್ಲಿ ಕಡಲ ವಾಸನೆ. ಅಯ್ಯೋ ದೇವರೇ, ನಮ್ಮ ಆಲೂಗಡ್ಡೆಗಳು! ನಿನ್ನೆ ಬುಟ್ಟಿಯಲ್ಲಿ ಮಣ್ಣು ಮೆತ್ತಿಕೊಂಡು ಬಿದ್ದಿದ್ದವು ಇವೇನಾ? ಹೊಳೆಯುವ ಹಸಿರು ಕಡಲಪಾಚಿಯ ಹಾಸಿಗೆಯ ಮೇಲೆ ಕೂತಿದ್ದವು, ಮೈತುಂಬ ಕಂದು ಬೆಣ್ಣೆ. ನನಗೆ ಕೂಗಿಬಿಡೋಣ ಅನ್ನಿಸಿತು. ಮೇಜಿನ ಕೆಳಗೆ ಸಿಕ್ಸ್ತೆನ್‌ನ ಕೈ ಹಿಡಿದುಕೊಂಡೆ.

ಇಡೀ ಹಾಲ್ ಗಪ್‌ಚಿಪ್ ಆಯಿತು. ನಮ್ಮ ಜನ ಮಾತು ನಿಲ್ಲಿಸಿದರೆಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಪಾದ್ರಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಅಗಿಯುತ್ತಿದ್ದ. ದಂತವೈದ್ಯೆ ಬಾಯಿ ಸುಟ್ಟುಕೊಂಡು ಉಫ್ ಉಫ್ ಅಂದರೂ ಬಿಡಲಿಲ್ಲ. ಎಸ್ಕಿಲ್ ಒಂದು ತಿಂದ, ಇನ್ನೊಂದು ತಿಂದ.

"ಛೆ," ಎಂದ. "ಚೆನ್ನಾಗಿದೆಯಲ್ಲ ಹಾಳಾದ್ದು!"

ಎಲ್ಲರ ಫೋರ್ಕುಗಳೂ ಹೋಗುತ್ತಿದ್ದವು, ಬರುತ್ತಿದ್ದವು. ನಮ್ಮ ಹರಿವಾಣವೂ ಖಾಲಿಯಾಯಿತು, ಪಕ್ಕದ್ದೂ ಆಯಿತು, ಆ ಮೂಲೆಯದ್ದೂ ಆಯಿತು. ಎಸ್ಕಿಲ್ "ತಗೋ ಸಿಕ್ಸ್ತೆನ್" ಎಂದ, ಸಿಕ್ಸ್ತೆನ್ "ಇಲ್ಲ ಇಲ್ಲ, ನೀನು" ಎಂದ, ಸಿಗ್ರಿಡ್ "ಬೇಡ, ಸಾಕು" ಎಂದಳು, ಎಸ್ಕಿಲ್ ಅರ್ಧ ಕತ್ತರಿಸಿಕೊಂಡ, ಸಿಕ್ಸ್ತೆನ್ ಉಳಿದರ್ಧದಲ್ಲಿ ಅರ್ಧ ಕತ್ತರಿಸಿಕೊಂಡ. ಇದೆಲ್ಲ ಪ್ರತಿ ಊಟದಲ್ಲೂ ನಡೆಯುವುದೇ, ನಾನು ಗಮನ ಕೂಡ ಕೊಡಲಿಲ್ಲ. ನನ್ನ ಕಿವಿಯಲ್ಲಿ ಆಗಲೇ ಓಲಗ ಊದುತ್ತಿತ್ತು.

"ಗೆದ್ವಿ ಕಣೋ," ಗಂಡನ ಕಿವಿಯಲ್ಲಿ ಹೇಳಿದೆ. "ಎಲ್ಲಾ ಖಾಲಿ! ಒಂದೂ ಬಿಡದೆ!"

ರಾಗ್ನಾರ್ ಬಂದು ಬಗ್ಗಿದ. "ಮೈಕೆನ್, ಷೆಫ್ ಒಳಗೆ ಕರೀತಿದಾರೆ."

ಹೂಮಾಲೆ ಹಾಕಿಸಿಕೊಳ್ಳಲು ಹೋಗುವವಳ ಹಾಗೆ ಎದ್ದು ಹೋದೆ.

ಅಡುಗೆಮನೆಯ ಉದ್ದ ಕಟ್ಟೆಯ ಮೇಲೆ ವಾಪಸು ಬಂದ ಹರಿವಾಣಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದರು. ಓದೀಲ್ ಅವುಗಳ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮುಖ ಕಳೆಗುಂದಿತ್ತು.

"ಕ್ಷಮಿಸಿ ಮೇಡಂ," ಎಂದಳು. "ಅವರಿಗೆ ಬೇಡ."

"ಏನ್ ಬೇಡ?"

"ನಿಮ್ಮ ಆಲೂಗಡ್ಡೆ. ನೋಡಿ, ಎಲ್ಲಾ ಮೇಜಿನವರೂ ಬಿಟ್ಟಿದಾರೆ."

"ಎಲ್ಲಿ ಬಿಟ್ಟಿದಾರೆ? ಎಲ್ಲಾ ಖಾಲಿಯಾಗಿದೆಯಲ್ಲ!"

"ಖಾಲಿ?" ಓದೀಲ್ ಒಂದು ಹರಿವಾಣಕ್ಕೆ ಬೆರಳು ಚುಚ್ಚಿದಳು. ನಡುವೆ ಒಂದು ಆಲೂಗಡ್ಡೆ. ಪಕ್ಕದ್ದರಲ್ಲಿ ಒಂದು, ಅದರ ಪಕ್ಕದ್ದರಲ್ಲೂ ಒಂದು. "ಇದು ಏನು? ಇದು? ನಾನು ಕುರುಡಿಯಾ?"

"ನಾನೂ ಅದನ್ನೇ ಹೇಳ್ದೆ," ರಾಗ್ನಾರ್ ಹಿಂದಿನಿಂದ ಅಂದ. "ಖಾಲಿ ಅಂತ."

"ನೀವು ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತೀರ, ರಾಗ್ನಾರ್. ಒಬ್ಬರು ಒಂದು ಬಿಟ್ರೆ ಹೊಟ್ಟೆ ತುಂಬಿತು ಅಂದ್ಕೋತೀನಿ. ಇಡೀ ಹಾಲ್ ಒಟ್ಟಿಗೆ? ಇದನ್ನ ನೋಡಿ!" ನಮ್ಮ ಮೇಜಿನ ಹರಿವಾಣವನ್ನು ಮುಂದಕ್ಕೆ ತಳ್ಳಿದಳು. ಅದರಲ್ಲಿ ಕಾಲು ಆಲೂಗಡ್ಡೆ ಕೂತಿತ್ತು. "ಇದನ್ನ ಕತ್ತರಿಸಿ ಕತ್ತರಿಸಿ ಪರೀಕ್ಷೆ ಮಾಡಿದಾರೆ. ವಿಷ ಇದೆಯಾ ಅಂತ ನೋಡಿದ್ರಾ?"

ಆಗ ನನಗೆ ಹೊಳೆಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಯ್ಯೋ ಮಹಾತಾಯಿ, ಅದು ಕೊನೇದು! ಕೊನೇ ತುಂಡು! ಅದನ್ನ ಯಾರೂ ತಗೊಳಲ್ಲ!"

"ಯಾಕೆ?"

ಯಾಕೆ? ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ರಾಗ್ನಾರ್ ಮುಖ ನೋಡಿದೆ, ಅವನು ಮೇಲೆ ನೋಡಿದ.

"ತಗೊಂಡ್ರೆ... ಆಸೆಬುರುಕರು ಅಂತಾರೆ," ಎಂದೆ.

"ಯಾರು ಅಂತಾರೆ?"

"ಯಾರೂ ಅನ್ನಲ್ಲ. ಆದ್ರೂ."

"ಹಾಗಾದ್ರೆ ಅದನ್ನ ಕೊನೆಗೆ ತಿನ್ನೋದು ಯಾರು?"

"ಯಾರೂ ತಿನ್ನಲ್ಲ. ಮನೇಲಾದ್ರೆ ಎಲ್ಲರೂ ಎದ್ದು ಹೋದ ಮೇಲೆ ಹೆಂಡ್ತಿ ಸಿಂಕ್ ಹತ್ರ ನಿಂತ್ಕೊಂಡು ತಿಂತಾಳೆ."

ಓದೀಲ್ ನನ್ನನ್ನು ಬಹಳ ಹೊತ್ತು ನೋಡಿದಳು. ಆಲೂಗಡ್ಡೆ ಮಾರಲು ಇವಳು ಇನ್ನೂ ಏನೇನು ಕಥೆ ಕಟ್ಟುತ್ತಾಳೋ ಎನ್ನುವ ಹಾಗಿತ್ತು ಆ ನೋಟ. "ನಮ್ಮ ಮನೇಲಿ ಕೊನೇ ತುಂಡಿಗೆ ಅಣ್ಣತಮ್ಮಂದಿರು ಹೊಡೆದಾಡ್ತಾರೆ," ಎಂದಳು. "ಅಡುಗೆ ಚೆನ್ನಾಗಿದೆ ಅಂತ ಅಮ್ಮನಿಗೆ ಗೊತ್ತಾಗೋದೇ ಹಾಗೆ. ಇಲ್ಲಿ ಇಷ್ಟು ಜನರಲ್ಲಿ ಒಬ್ಬರಿಗೂ ಬೇಕು ಅನ್ನಿಸಲಿಲ್ಲ ಅಂದ್ರೆ, ನಾನು ಹೇಗೆ ನಂಬಲಿ?"

"ಬೇಕು ಅನ್ಸತ್ತೆ! ಎಲ್ಲರಿಗೂ ಬೇಕು! ಹೇಳಲ್ಲ ಅಷ್ಟೇ!"

"ಸರಿ. ಮೀನಿನ ಜತೆ ಇನ್ನೊಂದು ಸುತ್ತು ಹರಿವಾಣ ಹೋಗತ್ತೆ. ಒಂದು, ಒಂದೇ ಒಂದು ಪೂರ್ತಿ ಖಾಲಿಯಾಗಿ ಬರಲಿ, ನಾನು ನಂಬ್ತೀನಿ. ಆದ್ರೆ ನೀವಾಗಲಿ ನಿಮ್ಮ ಯಜಮಾನರಾಗಲಿ ಕೊನೇದನ್ನ ತಿನ್ನೋ ಹಾಗಿಲ್ಲ. ಬೆಳೆದವರ ಹಸಿವು ಲೆಕ್ಕಕ್ಕಿಲ್ಲ."

ಮೇಜಿಗೆ ವಾಪಸು ಬಂದವಳೇ ಎಲ್ಲವನ್ನೂ ಸಿಕ್ಸ್ತೆನ್‌ನ ಕಿವಿಯಲ್ಲಿ ಊದಿದೆ. ಒಂದೇ ಒಂದು ಆಲೂಗಡ್ಡೆ! ಯಾರ ಬಾಯಿಗಾದರೂ ಹೋಗಬೇಕು. ಆದರೆ ಯಾರ ಬಾಯಿಗೆ? ಈ ಹಾಲಿನಲ್ಲಿ ಕೂತವರೆಲ್ಲ ಹಸಿವಿನಿಂದ ಸಾಯುತ್ತಾರೆಯೇ ಹೊರತು ಕೊನೆಯ ತುಂಡಿಗೆ ಕೈ ಹಾಕುವವರಲ್ಲ. ನಾನೇ ಹಾಕಿದವಳಲ್ಲ.

ಬೆಣ್ಣೆಯಲ್ಲಿ ಹುರಿದ ಚಪ್ಪಟೆ ಮೀನು ಬಂತು, ಹರಿವಾಣಗಳು ಬಂದವು. ಮತ್ತೆ ಅದೇ ಆವಿ, ಅದೇ ಮೌನ, ಅದೇ ಆತುರ. ನಾನು ಎಸ್ಕಿಲ್‌ನ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು.

"ತಿನ್ನು ಎಸ್ಕಿಲ್, ತಿನ್ನು. ಸಂಕೋಚ ಪಟ್ಕೋಬೇಡ. ಮನೆ ಅಂತ ತಿಳ್ಕೋ."

"ಏನಿದು, ಇದ್ದಕ್ಕಿದ್ದ ಹಾಗೆ ನನ್ ಮೇಲೆ ಪ್ರೀತಿ ಉಕ್ತಿದೆ?" ಅವನು ಹುಬ್ಬೇರಿಸಿದ.

ಹರಿವಾಣದಲ್ಲಿ ಒಂದು ಉಳಿಯಿತು. ದುಂಡನೆಯದು, ಮುದ್ದಾದದ್ದು. ನಾಲ್ಕು ಜನ, ನಾಲ್ಕೂ ಫೋರ್ಕು ಕೆಳಗೆ.

"ತಗೋ," ಎಂದೆ ಎಸ್ಕಿಲ್‌ಗೆ.

"ಅಯ್ಯೋ ಬೇಡಪ್ಪ. ಸಿಗ್ರಿಡ್‌ಗೆ ಕೊಡು."

"ಬೇಡ, ಸಾಕು," ಸಿಗ್ರಿಡ್ ಅಂದಳು.

"ತಗೋಳೋ ಮಾರಾಯ! ಒಂದು ಆಲೂಗಡ್ಡೆಗೆ ಹೆದರ್ತೀಯಾ? ಇಷ್ಟುದ್ದ ಗಂಡಸು, ಕ್ಲಬ್ಬಿನ ಅಧ್ಯಕ್ಷ ಬೇರೆ!"

"ಇರು ಇರು." ಎಸ್ಕಿಲ್ ಕಣ್ಣು ಕಿರಿದು ಮಾಡಿದ. "ಏನೋ ಇದೆ ಇದ್ರಲ್ಲಿ. ಏನು ಸಿಕ್ಸ್ತೆನ್?"

ನನ್ನ ಗಂಡನ ಬಾಯಿ! ಅದು ತೆರೆಯುವುದೇ ಅಪರೂಪ, ತೆರೆದಾಗ ಸತ್ಯ ಬಿಟ್ಟು ಬೇರೇನೂ ಬೀಳುವುದಿಲ್ಲ. ಮೇಜಿನ ಕೆಳಗೆ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ. ನಾನು ಆಗಷ್ಟೇ ಅವನ ಕಿವಿಯಲ್ಲಿ ಊದಿದ್ದನ್ನೆಲ್ಲ ನಿಧಾನವಾಗಿ, ಒಂದಕ್ಷರ ಬಿಡದೆ ಹೇಳಿದ. ಒಂದು ಹರಿವಾಣ ಪೂರ್ತಿ ಖಾಲಿಯಾದರೆ ಹೋಟೆಲಿನವರು ನಮ್ಮ ಆಲೂಗಡ್ಡೆ ತೆಗೆದುಕೊಳ್ಳುತ್ತಾರೆ, ಕಡಲಪಟ್ಟಿ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ನಿನ್ನದು.

ಎಸ್ಕಿಲ್ ಕುರ್ಚಿಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡ.

"ಹೊಟ್ಟೆ ತುಂಬಿಬಿಟ್ಟಿದೆ ಕಣ್ರಪ್ಪ," ಎಂದ. "ಒಂದು ಅಗುಳೂ ಇಳಿಯಲ್ಲ ಇನ್ನು."

ಅವನ ಮುಖದ ಮೇಲಿದ್ದ ಆ ನಗು! ಫೋರ್ಕಿನಿಂದ ಚುಚ್ಚಿಬಿಡಬೇಕು ಅನ್ನಿಸಿತು. ಅತ್ತ ನೋಡಿದರೆ ಎಲ್ಲ ಮೇಜುಗಳ ಮೇಲೂ ಒಂದೊಂದು ಆಲೂಗಡ್ಡೆ ಒಂಟಿಯಾಗಿ ಕೂತಿದೆ. ಪಾದ್ರಿಯ ಮೇಜಿನಲ್ಲಿ "ನೀವು", "ಇಲ್ಲ, ನೀವು" ನಡೆದಿದೆ. ರಾಗ್ನಾರ್ ದೂರದ ಮೂಲೆಯಿಂದ ಹರಿವಾಣ ಎತ್ತಲು ಶುರು ಮಾಡಿದ್ದಾನೆ.

ಎದ್ದು ನಿಂತೆ. ಚಾಕುವಿನಿಂದ ಗ್ಲಾಸಿಗೆ ಟಣ್ ಟಣ್ ಬಡಿದೆ.

ಎಲ್ಲರೂ ಕತ್ತು ತಿರುಗಿಸಿ ನಗುಮುಖ ಮಾಡಿದರು. ಊಟ ಬಡಿಸಿದವರಿಗೆ ಯಾರಾದರೂ ಎದ್ದು ವಂದನೆ ಹೇಳುವುದು ನಮ್ಮಲ್ಲಿ ಇದ್ದದ್ದೇ. ಪಾದ್ರಿಯಂತೂ ಆಗಲೇ ಗ್ಲಾಸು ಎತ್ತಿ ಹಿಡಿದ.

"ನಾನು ಮೈಕೆನ್. ಕಡಲಪಟ್ಟಿಯವಳು. ನೀವು ತಿಂದಿದ್ದು ನಮ್ಮ ಆಲೂಗಡ್ಡೆ," ಎಂದೆ. "ನಿಮ್ಮ ಮುಂದೆ ಒಂದೊಂದು ಉಳಿದಿದೆ. ಅದನ್ನ ನೋಡಿ ಷೆಫ್ ಅವರು, ನಿಮಗೆ ಇಷ್ಟ ಆಗಿಲ್ಲ ಅಂದ್ಕೊಂಡಿದಾರೆ. ನಮ್ಮ ಆಲೂಗಡ್ಡೆ ಬೇಡ ಅಂತಾರೆ. ಹಾಗಾದ್ರೆ ಆ ಹೊಲ ನಮ್ಮ ಕೈ ಬಿಟ್ಟು ಹೋಗತ್ತೆ. ನನಗೆ ಆ ಹೊಲ ಬೇಕು. ನಿಮ್ಮ ಕಾಲು ಹಿಡ್ಕೋತೀನಿ, ಯಾರಾದ್ರೂ ಒಬ್ರು ಆ ಕೊನೇದನ್ನ ತಿನ್ನಿ. ಒಬ್ರು ಸಾಕು."

ಒಬ್ಬರೂ ಫೋರ್ಕು ಎತ್ತಲಿಲ್ಲ.

ನಮ್ಮವರ ಗುಣ ನನಗೆ ಗೊತ್ತು. ಯಾರಾದರೂ ತನಗೆ ಬೇಕೆಂದು ಬಾಯಿಬಿಟ್ಟು ಕೇಳಿಬಿಟ್ಟರೆ ಅವರಿಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. ದಂತವೈದ್ಯೆ ಕರವಸ್ತ್ರ ಮಡಿಸತೊಡಗಿದಳು. ಪಾದ್ರಿ ಗ್ಲಾಸು ಕೆಳಗಿಟ್ಟು ಹೂವನ್ನು ನೋಡಿದ. ಅವನ ಕೈ ಫೋರ್ಕಿನವರೆಗೆ ಬಂತು, ನಾನು ನೋಡಿದೆ, ಬಂದಿದ್ದು ಹಾಗೇ ವಾಪಸು ಹೋಯಿತು. ಎಲ್ಲರೂ ನನಗೆ ಆಗಲಿ ಎಂದೇ ಬಯಸುತ್ತಿದ್ದರು, ಅದು ಮುಖದಲ್ಲೇ ಇತ್ತು. ಮೊದಲು ಕೈ ಹಾಕುವವರು ಬೇರೆ ಯಾರಾದರೂ ಆಗಲಿ ಎಂದೂ ಬಯಸುತ್ತಿದ್ದರು. ನನ್ನ ಕಿವಿ ಕಾದ ಬಾಣಲೆಯಾಗಿತ್ತು. ಇನ್ನೂ ನಿಂತೇ ಇದ್ದೆ. ಕೂರುವುದೂ ಮರೆತುಹೋಗಿತ್ತು.

"ಕೂತ್ಕೋ ಮೈಕೆನ್," ಎಸ್ಕಿಲ್ ಮೆಲ್ಲಗೆ ಹೇಳಿದ. ಅವನ ನಗುವೂ ಹೋಗಿತ್ತು, ಪಾಪ, ಅವನಿಗೂ ನಾಚಿಕೆಯಾಗಿತ್ತು. "ಸಾಕು ಬಿಡು. ಆಗಿದ್ದಾಯ್ತು."

ರಾಗ್ನಾರ್ ನಮ್ಮ ಮೇಜಿಗೆ ಬಂದ. ನನ್ನ ಮುಖ ನೋಡಲಾರದೆ ಹರಿವಾಣಕ್ಕೆ ಕೈ ಚಾಚಿದ.

"ಇರು," ಎಂದಳು ಸಿಗ್ರಿಡ್.

ಅವನ ಕೈ ಅಲ್ಲೇ ನಿಂತಿತು.

"ನನಗೆ ಬೇಕು," ಎಂದಳು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಸಿಗ್ರಿಡ್ ಬೂದು ರೇಷ್ಮೆಯ ತೋಳನ್ನು ಮೊಣಕೈವರೆಗೆ ಸರಿಸಿಕೊಂಡಳು, ಫೋರ್ಕನ್ನು ಬಿಟ್ಟು ಬರಿಗೈಯಲ್ಲೇ ಆ ಆಲೂಗಡ್ಡೆ ಎತ್ತಿಕೊಂಡಳು, ಇಡಿಯದನ್ನೇ ಬಾಯಿಗೆ ಹಾಕಿಕೊಂಡಳು. ಗಲ್ಲದ ಮೇಲೆ ಬೆಣ್ಣೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಸಿಗ್ರಿಡ್!" ಎಸ್ಕಿಲ್ ಹೌಹಾರಿದ. "ಏನ್ ಮಾಡ್ತಿದೀಯ ಅಂತ ಗೊತ್ತಾ ನಿಂಗೆ?"

"ಗೊತ್ತು. ತಿಂತಿದೀನಿ."

"ಆ ಹೊಲ! ನಮ್ಮ ಕ್ಲಬ್ಬು!"

"ನಿನ್ನ ಕ್ಲಬ್ಬು," ಬಾಯಿ ತುಂಬಿಕೊಂಡೇ ಹೇಳಿದಳು. "ನನಗೆ ಗಾಲ್ಫ್ ಕಂಡ್ರೆ ಆಗಲ್ಲ, ಎಸ್ಕಿಲ್. ಯಾವತ್ತೂ ಆಗ್ತಿರ್ಲಿಲ್ಲ. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಬ್ರೆಡ್ಡಿನ ಚೂರೊಂದನ್ನು ಮುರಿದು ಹರಿವಾಣದಲ್ಲಿ ಉಳಿದ ಬೆಣ್ಣೆಯನ್ನೂ ಒರೆಸಿಕೊಂಡಳು. ಅದು ಹೊಳೆಯುವವರೆಗೆ ಒರೆಸಿದಳು. ಆಮೇಲೆ ಪಕ್ಕದ ಮೇಜಿನ ಕಡೆ ತಿರುಗಿದಳು. "ನಿಮ್ದು ಯಾರೂ ತಿನ್ನಲ್ವಾ? ಹಾಗಾದ್ರೆ ಇತ್ತ ಕೊಡಿ."

"ಕೊಡಲ್ಲ!" ದಂತವೈದ್ಯೆ ಕಿರುಚಿ ತನ್ನ ಹರಿವಾಣವನ್ನು ಅಪ್ಪಿಕೊಂಡಳು, ಮರುಕ್ಷಣವೇ ಕೆನ್ನೆ ಕೆಂಪಾಗಿಸಿಕೊಂಡು ಆಲೂಗಡ್ಡೆಯನ್ನು ಬಾಯಿಗೆ ತುರುಕಿದಳು. ಅಲ್ಲಿಂದ ಕಟ್ಟೆ ಒಡೆಯಿತು. ಪಾದ್ರಿ ಮತ್ತು ಅವನೆದುರಿನ ಮುದುಕ ಇಬ್ಬರೂ ಒಂದೇ ಆಲೂಗಡ್ಡೆಗೆ ಫೋರ್ಕು ಚುಚ್ಚಿ ಎಳೆದಾಡತೊಡಗಿದರು. ಯಾರೋ ಹೋ ಎಂದು ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ಇಷ್ಟು ಗಲಾಟೆಯನ್ನು ಆ ಹಾಲ್ ತನ್ನ ಜನ್ಮದಲ್ಲಿ ಕಂಡಿರಲಾರದು. ನಾನು ಅಳುತ್ತಿದ್ದೆ. ಹಿತ್ತಲಿಗೆ ಹೋಗದೆ, ಎಲ್ಲರೆದುರೇ, ಬಾಯಿ ತೆರೆದು ಅಳುತ್ತಿದ್ದೆ.

ಗಲಾಟೆ ಕೇಳಿ ಓದೀಲ್ ಅಡುಗೆಮನೆಯಿಂದ ಓಡಿಬಂದಳು. ಫೋರ್ಕುಗಳ ಕಾಳಗ ನೋಡಿದಳು, ಸಿಗ್ರಿಡ್‌ಳ ಗಲ್ಲದ ಬೆಣ್ಣೆ ನೋಡಿದಳು, ನಮ್ಮ ಹರಿವಾಣವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಭಾಷೆಯಲ್ಲಿ ಏನೋ ಕೂಗಿ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು.

"ನಾಳೆಯಿಂದ, ಮೇಡಂ! ದಿನಾ! ಎಷ್ಟು ಅಗೆದ್ರೆ ಅಷ್ಟು!"

"ನಾಳೆ ಭಾನುವಾರ," ನಾನು ಸುರಿಯುವ ಮೂಗು ಎಳೆದುಕೊಂಡು ಹೇಳಿದೆ.

"ಭಾನುವಾರ ಜನ ಊಟ ಮಾಡೋದಿಲ್ವಾ?"

ಎಸ್ಕಿಲ್ ಹೆಂಡತಿಯನ್ನೇ ನೋಡುತ್ತಾ ಕೂತಿದ್ದ, ಅವಳನ್ನು ಇವತ್ತೇ ಯಾರೋ ಪರಿಚಯ ಮಾಡಿಸಿಕೊಟ್ಟ ಹಾಗೆ. ಸಿಕ್ಸ್ತೆನ್ ಎದ್ದ. ಮಂಡಿಗಳು ಲಟಲಟ ಎಂದವು, ಮುಖ ಹಿಂಡಿಕೊಂಡ, ಮತ್ತೆ ನೆಟ್ಟಗಾದ. ಮೇಜಿನಾಚೆ ಬಗ್ಗಿ ಎಸ್ಕಿಲ್‌ನ ಭುಜದ ಮೇಲೆ ಕೈಯಿಟ್ಟ.

"ಸೋಮವಾರ ಬಂದು ಬಾಗ್ಲು ತಟ್ಟಬೇಡ ಕಣೋ," ಎಂದ. "ಮನೇಲಿ ಯಾರೂ ಇರಲ್ಲ. ನಾವು ಹೊಲದಲ್ಲಿರ್ತೀವಿ."